ಕತ್ತರಿ ಇತ್ತು, ಹಿಡಿತ ಇರಲಿಲ್ಲ: ಬೂಷ್ಟಿನ ಕಿಣ್ವಗಳೊಂದಿಗೆ ನನ್ನ ಅನುಭವ

ನಾನು ಕಿಣ್ವಗಳ ಕೆಲಸಕ್ಕೆ ಇಳಿದಾಗ ಮೊದಲು ಕೈಗೆ ಸಿಕ್ಕಿದ್ದು ಟ್ರೈಕೋಡರ್ಮ ರೀಸೈ ಎಂಬ ಹಸಿರು ಬೂಷ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿಬಟ್ಟೆಯನ್ನು ತಿಂದು ಹಾಳುಮಾಡಿದ್ದು ಇದೇ. ಇದರ ಮೇಲೆ ದಶಕಗಟ್ಟಲೆ ದುಡಿದ ಎಲ್ವಿನ್ ರೀಸ್ ಅವರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ಉದ್ಯಮದಲ್ಲಿ ಬಳಸುವ ಇದರ ತಳಿಗಳೆಲ್ಲ ಅಂದು ಹೆಕ್ಕಿ ತಂದ ಕ್ಯೂಎಂ6ಎ ಎಂಬ ಒಂದೇ ಮೂಲದಿಂದ ಬಂದವು.

ಬೆಳೆಸುವುದು ಕಷ್ಟವಲ್ಲ, ಮುದ್ದು ಮಾಡಬಾರದು ಅಷ್ಟೇ. ಬೇಗ ಬೆಳೆಯಲಿ ಎಂದು ನಾನು ಮೊದಲ ಸಲ ಗ್ಲೂಕೋಸನ್ನು ಧಾರಾಳವಾಗಿ ಸುರಿದೆ. ಎಳೆಗಳು ಹುಲುಸಾಗಿ ಬೆಳೆದವು, ಕಿಣ್ವ ಮಾತ್ರ ಒಸರಲಿಲ್ಲ. ಸಿಹಿ ಬಾಯಿಗೇ ಬಂದು ಬೀಳುತ್ತಿದ್ದರೆ ಕಾಗದ ಜಗಿಯುವ ಶ್ರಮವನ್ನು ಯಾರು ಪಡುತ್ತಾರೆ? ಗ್ಲೂಕೋಸ್ ಕಂಡಕೂಡಲೇ ಬೂಷ್ಟು ತನ್ನ ಸೆಲ್ಯುಲೇಸ್ ಜೀನ್‌ಗಳನ್ನು, ಅಂದರೆ ಹತ್ತಿ, ಕಾಗದಗಳಲ್ಲಿರುವ ಸೆಲ್ಯುಲೋಸನ್ನು ಕಡಿಯುವ ಕಿಣ್ವಗಳ ಜೀನ್‌ಗಳನ್ನು, ಮುಚ್ಚಿಬಿಡುತ್ತದೆ. ಲ್ಯಾಕ್ಟೋಸ್ ಕೊಟ್ಟ ಮೇಲೆ ದಾರಿಗೆ ಬಂತು.

ಆ ದ್ರಾವಣವನ್ನು ಸೋಸಿದರೆ ಅದರಲ್ಲಿರುವ ಪ್ರೋಟೀನಿನ ಸಿಂಹಪಾಲು ಸೆಲ್7ಎ ಎಂಬ ಒಂದೇ ಕಿಣ್ವದ್ದು. ಇದರ ಕೆಲಸ ಏನೆಂದು ತಿಳಿಯಲು ಸೆಲ್ಯುಲೋಸಿನ ಮೊಂಡುತನ ಗೊತ್ತಿರಬೇಕು. ಗ್ಲೂಕೋಸ್ ಘಟಕಗಳು ಒಂದರ ಹಿಂದೊಂದು ಮಗ್ಗುಲು ಬದಲಿಸಿ ನಿಂತ ನೇರ ಸರಪಳಿ ಅದು. ಹಲವಾರು ಸರಪಳಿಗಳು ಒತ್ತಾಗಿ ಜೋಡಿಕೊಂಡು ಸ್ಫಟಿಕವಾಗುತ್ತವೆ. ಕಿಣ್ವದ ನೆರವಿಲ್ಲದೆ ನೀರೊಂದೇ ಆ ಕೊಂಡಿಯನ್ನು ಮುರಿಯಬೇಕೆಂದರೆ, ಇರುವ ಕೊಂಡಿಗಳಲ್ಲಿ ಅರ್ಧ ಮುರಿಯುವುದಕ್ಕೇ ಸಾಧಾರಣ ತಾಪದಲ್ಲಿ ಸುಮಾರು 50 ಲಕ್ಷ ವರ್ಷ ಬೇಕು.

ಸೆಲ್7ಎಗೆ ಮೂರು ಭಾಗಗಳಿವೆ. ಒಂದು ತುದಿಯಲ್ಲಿ ಕತ್ತರಿಸುವ ದೊಡ್ಡ ಮುದ್ದೆ. ಇನ್ನೊಂದು ತುದಿಯಲ್ಲಿ ಕೇವಲ 36 ಅಮೈನೋ ಆಮ್ಲಗಳ ಪುಟ್ಟ ಪಾದ. ಅದರ ಚಪ್ಪಟೆ ಅಡಿಯಲ್ಲಿ ಸಾಲಾಗಿ ಟೈರೋಸಿನ್ ಎಂಬ ಮೂರು ಅಮೈನೋ ಆಮ್ಲಗಳಿದ್ದು, ಅವು ಸೆಲ್ಯುಲೋಸಿನ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಎರಡನ್ನೂ ಸೇರಿಸುವುದು ಸಕ್ಕರೆಯ ಕವಲುಗಳನ್ನು ಹೊದ್ದ ಬಳುಕುವ ದಾರ. ಆ ದಾರವೇ ನನ್ನ ತಲೆನೋವಾಯಿತು. ಬಳುಕುವ ಅಣುಗಳು ಶಿಸ್ತಾಗಿ ಸಾಲು ನಿಂತು ಹರಳಾಗುವುದಿಲ್ಲ, ಹರಳಿಲ್ಲದೆ ಕಿಣ್ವದ ರಚನೆ ತೋರಿಸುವ ಎಕ್ಸ್‌ ಕಿರಣಕ್ಕೆ ಕೆಲಸವಿಲ್ಲ.

ಹಳಬರು ಕಂಡುಕೊಂಡ ಉಪಾಯವನ್ನೇ ನಾನೂ ಹಿಡಿದೆ. ಪಪ್ಪಾಯಿಯ ಹಾಲಿನಲ್ಲಿರುವ ಪಪಾಯಿನ್ ಕಿಣ್ವವನ್ನು ಅಳೆದು ಹಾಕಿದರೆ ಅದು ದಾರವನ್ನಷ್ಟೇ ಕಡಿಯುತ್ತದೆ, ಗಟ್ಟಿ ಮುದ್ದೆಯನ್ನು ಮುಟ್ಟುವುದಿಲ್ಲ. ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ 65ರ ಹತ್ತಿರ ಇದ್ದ ಪಟ್ಟಿ 56 ಕಿಲೋಡಾಲ್ಟನ್‌ಗೆ ಇಳಿಯಿತು. ಪಾದ ಕಳೆದುಕೊಂಡ ಈ ಕಿಣ್ವವನ್ನು ಮೊದಲು ಕರಗುವ ಕೃತಕ ಸಕ್ಕರೆಯ ಮೇಲೆ ಪರೀಕ್ಷಿಸಿದೆ. ಕೊಂಡಿ ಮುರಿದರೆ ಹಳದಿ ಬಣ್ಣ ಬರುವ ಸರಳ ಪರೀಕ್ಷೆ ಅದು. ವೇಗ ಕಿಂಚಿತ್ತೂ ಕುಗ್ಗಿರಲಿಲ್ಲ. ಹಾಗಾದರೆ ಪಾದಕ್ಕೆ ಅಂಥ ಮಹತ್ವವೇನಿಲ್ಲ ಎಂದು ದಿನಚರಿಯಲ್ಲಿ ಬರೆದೂಬಿಟ್ಟೆ. ಆ ಪುಟ ಈಗಲೂ ನನ್ನ ಬಳಿ ಇದೆ.

ಮರುವಾರ ಅದೇ ಕಿಣ್ವವನ್ನು ನಿಜವಾದ ಕಾಗದಕ್ಕೆ ಹಾಕಿದೆ. 50 ಮಿಲಿಗ್ರಾಂ ತೂಕದ ಫಿಲ್ಟರ್ ಕಾಗದದ ಪಟ್ಟಿ, ಪಿಎಚ್ 4.8ರ ಸಿಟ್ರೇಟ್ ದ್ರಾವಣ, 50 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ. ಆಮೇಲೆ ಡಿಎನ್‌ಎಸ್ ಎಂಬ ಹಳದಿ ರಾಸಾಯನಿಕ ಸೇರಿಸಿ ಕುದಿಸಿದರೆ ಬಿಡುಗಡೆಯಾದ ಸಕ್ಕರೆಗೆ ತಕ್ಕಂತೆ ಹಳದಿ ಕೆಂಪಿಗೆ ತಿರುಗಬೇಕು. ಇಡೀ ಕಿಣ್ವ ಹಾಕಿದ ಕೊಳವೆಗಳು ಕೆಂಪಾದವು. ಪಾದವಿಲ್ಲದ್ದು ಹಾಕಿದವು ಹಳದಿಯಿಂದ ಅಷ್ಟಾಗಿ ಕದಲಲೇ ಇಲ್ಲ. ಕತ್ತರಿ ಹರಿತವಾಗಿಯೇ ಇತ್ತು. ಬಟ್ಟೆ ಕೈಗೆ ಸಿಗುತ್ತಿರಲಿಲ್ಲ. ಕರಗಿದ ಸಕ್ಕರೆ ತಾನಾಗಿ ಬಂದು ಬಾಯಿಗೆ ಬೀಳುತ್ತದೆ, ಸ್ಫಟಿಕದಲ್ಲಿ ಹುದುಗಿದ ಸರಪಳಿಯನ್ನು ಎತ್ತಿ ತರಬೇಕು. ನಾನು ಅಳೆದಿದ್ದು ಸುಲಭದ ಕೆಲಸವನ್ನು.

ಹರಳು ಬೆಳೆಸಿದ ಕಥೆಯನ್ನು ಹೆಚ್ಚು ಹೇಳುವುದಿಲ್ಲ. ಮೊದಲು ಹೊಳೆಹೊಳೆದು ಬಂದವೆಲ್ಲ ಬರೀ ಉಪ್ಪು. ಸೂಜಿಯಿಂದ ಒತ್ತಿದಾಗ ಕರಕ್ ಎಂದವು. ಪ್ರೋಟೀನಿನ ಹರಳು ಅಷ್ಟು ಗಟ್ಟಿಯಲ್ಲ, ಒತ್ತಿದರೆ ಮೆತ್ತಗೆ ಪುಡಿಯಾಗುತ್ತದೆ. ಕೊನೆಗೊಮ್ಮೆ ಒಳ್ಳೆಯ ಹರಳು ಸಿಕ್ಕಿತು. 1994ರಲ್ಲೇ ಪ್ರಕಟವಾಗಿದ್ದ ಇದೇ ಕಿಣ್ವದ ರಚನೆಯನ್ನು ಮಾದರಿಯಾಗಿಟ್ಟು ನನ್ನದನ್ನು ಬಿಡಿಸಿದ್ದರಿಂದ ಅದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ.

ಆದರೂ ಪರದೆಯ ಮೇಲೆ ಆ ಸುರಂಗವನ್ನು ನನ್ನದೇ ಹರಳಿನಿಂದ ಕಂಡ ದಿನ ಊಟ ಮರೆತಿತ್ತು. ಮುದ್ದೆಯ ಆರಪಾರ ಸುಮಾರು 5 ನ್ಯಾನೋಮೀಟರ್ ಉದ್ದದ ಕೊಳವೆ. ಅದರ ಬಾಯಲ್ಲೇ ಟ್ರಿಪ್ಟೋಫ್ಯಾನ್ ಎಂಬ ಒಂದು ಅಮೈನೋ ಆಮ್ಲ ಕಾವಲುಗಾರನಂತೆ ನಿಂತು, ಸರಪಳಿಯ ತುದಿಯನ್ನು ಹಿಡಿದು ಒಳಗೆ ಎಳೆದುಕೊಳ್ಳಲು ನೆರವಾಗುತ್ತದೆ. ಅದನ್ನು ತೆಗೆದುಹಾಕಿದ ಕಿಣ್ವ ಅಸ್ತವ್ಯಸ್ತವಾದ ಸೆಲ್ಯುಲೋಸನ್ನು ಕತ್ತರಿಸುತ್ತದೆ, ಸ್ಫಟಿಕದ ಮುಂದೆ ಸೋಲುತ್ತದೆ ಎಂದು ಬೇರೆಯವರು ತೋರಿಸಿದ್ದಾರೆ. ಅಂದರೆ ಹಿಡಿತದ ಹೊಣೆ ಪಾದದ್ದೊಂದೇ ಅಲ್ಲ, ಸುರಂಗದ ಬಾಯಿಗೂ ಅದರಲ್ಲಿ ಪಾಲಿದೆ. ಕತ್ತರಿಯಿರುವುದು ಸುರಂಗದ ಇನ್ನೊಂದು ಕೊನೆಯಲ್ಲಿ. ಅಲ್ಲಿ ಎರಡೆರಡು ಗ್ಲೂಕೋಸಿನ ತುಂಡು, ಅಂದರೆ ಸೆಲ್ಲೋಬಯೋಸ್, ಉದುರುತ್ತದೆ. ಸರಪಳಿ ಮತ್ತೆ ಒಂದು ಹೆಜ್ಜೆ ಒಳಗೆ ಸರಿಯುತ್ತದೆ. ಉದುರಿದ ತುಂಡು ಹೊರಬಾಗಿಲಲ್ಲೇ ಕುಳಿತುಬಿಡುವುದೂ ಉಂಟು. ನನ್ನ ಹರಳನ್ನು ಸೆಲ್ಲೋಬಯೋಸಿನಲ್ಲಿ ನೆನೆಸಿದಾಗ ಅದು ಸರಿಯಾಗಿ ಅಲ್ಲೇ ಕಾಣಿಸಿಕೊಂಡಿತು. ತನ್ನ ಉತ್ಪನ್ನವೇ ಕಿಣ್ವದ ದಾರಿಗೆ ಅಡ್ಡವಾಗುತ್ತದೆ ಎಂದು ಓದಿದ್ದನ್ನು ಕಣ್ಣಾರೆ ಕಂಡೆ. ಆ ತುಂಡನ್ನು ಗ್ಲೂಕೋಸಾಗಿ ಒಡೆಯುವ ಬೀಟಾ-ಗ್ಲೂಕೋಸಿಡೇಸನ್ನು ಈ ಬೂಷ್ಟು ಜಿಪುಣತನದಿಂದ ಸ್ರವಿಸುವುದರಿಂದ ಹೊರಗಿನಿಂದ ಬೆರೆಸುವುದು ವಾಡಿಕೆ.

ಜಪಾನಿನ ಸಂಶೋಧಕರು ವೇಗದ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಈ ಅಣುಗಳು ಸೆಲ್ಯುಲೋಸಿನ ಮೇಲೆ ಸೆಕೆಂಡಿಗೆ ಸುಮಾರು 7 ನ್ಯಾನೋಮೀಟರ್ ವೇಗದಲ್ಲಿ ಸಾಗುವುದನ್ನು ಚಿತ್ರೀಕರಿಸಿದ್ದಾರೆ. ಮುಂದಿನದು ತಡೆದು ನಿಂತರೆ ಹಿಂದಿನವೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಹೆಚ್ಚು ಕಿಣ್ವ ಹಾಕಿದರೂ ಹೆಚ್ಚು ಸಕ್ಕರೆ ಏಕೆ ಸಿಗುತ್ತಿಲ್ಲ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ನನಗೆ ಆ ದೃಶ್ಯ ನೋಡಿ ನಗು ಬಂತು.

ಮುಂದಿನ ಪ್ರಶ್ನೆ: ಹಿಡಿಯಲು ತುದಿಯೇ ಇಲ್ಲದ ಕಡೆ ಏನು ಗತಿ? ಸ್ಫಟಿಕವನ್ನು ಮೊದಲು ಸಡಿಲಿಸುವ ಏನೋ ಒಂದು ಇರಬೇಕು ಎಂದು ರೀಸ್ ಮತ್ತು ಸಂಗಡಿಗರು 1950ರಲ್ಲೇ ಊಹಿಸಿದ್ದರು. 2010ರಲ್ಲಿ, ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಕಡಿಯುವ ಬ್ಯಾಕ್ಟೀರಿಯದ ಪ್ರೋಟೀನೊಂದು ನೀರಿನಿಂದಲ್ಲ, ಆಕ್ಸಿಡೀಕರಣದಿಂದ ಸರಪಳಿ ಮುರಿಯುತ್ತದೆ ಎಂಬುದು ಬಯಲಾಯಿತು. ಶಿಲೀಂಧ್ರಗಳಲ್ಲೂ ಅಂಥವು ಇವೆ, ಅವುಗಳ ಜೀವಾಳ ತಾಮ್ರ ಎಂಬುದು ಮರುವರ್ಷವೇ ತಿಳಿಯಿತು. ಎಲ್‌ಪಿಎಂಓ ಎಂದು ಕರೆಯುವ ಇವುಗಳಿಗೆ ಸುರಂಗವಿಲ್ಲ. ಚಪ್ಪಟೆ ಮುಖದ ಮಧ್ಯೆ ಒಂದು ತಾಮ್ರದ ಅಯಾನು, ಅದನ್ನು ಚಿಮಟದಂತೆ ಹಿಡಿದ ಹಿಸ್ಟಿಡಿನ್ ಎಂಬ ಎರಡು ಅಮೈನೋ ಆಮ್ಲಗಳು. ಸ್ಫಟಿಕದ ಮೇಲೆ ಮಲಗಿ ಸರಪಳಿಯನ್ನು ನಡುವಿನಲ್ಲೇ ಕಡಿಯುತ್ತವೆ.

ಇಲ್ಲಿ ನಾನು ಮಾಡಿದ್ದು ಎರಡು ತಪ್ಪು, ಒಂದು ಇನ್ನೊಂದನ್ನು ಮುಚ್ಚಿಹಾಕಿತು. ಶುದ್ಧೀಕರಣ ಸುಲಭವಾಗಲಿ ಎಂದು ನಾನು ತಯಾರಿಸುತ್ತಿದ್ದ ಎಲ್‌ಪಿಎಂಓ ಪ್ರೋಟೀನಿನ ಮೊದಲ ತುದಿಗೆ ಆರು ಹಿಸ್ಟಿಡಿನ್‌ಗಳ ಬಾಲ ಅಂಟಿಸಿದೆ. ತಾಮ್ರವನ್ನು ಹಿಡಿಯುವ ಹಿಸ್ಟಿಡಿನ್‌ಗಳಲ್ಲಿ ಒಂದು ಸರಪಳಿಯ ಮೊಟ್ಟಮೊದಲನೆಯದೇ; ಅದರ ತುದಿಯ ಅಮೈನೋ ಗುಂಪೂ ಹಿಡಿತದಲ್ಲಿ ಪಾಲುಗೊಳ್ಳುತ್ತದೆ. ಅದರ ಮುಂದೆ ಬಾಲ ಕಟ್ಟಿದರೆ ಚಿಮಟವೇ ಮುರಿದಂತೆ. ಹಾಗಿದ್ದೂ ಡಿಎನ್‌ಎಸ್ ಪರೀಕ್ಷೆಯಲ್ಲಿ ಕೊಳವೆಗಳು ಕೆಂಪಾದವು. ಎಲೆಕ್ಟ್ರಾನ್ ಕೊಡಲೆಂದು ಸೇರಿಸುವ ಆಸ್ಕಾರ್ಬಿಕ್ ಆಮ್ಲವನ್ನು ಹೆಚ್ಚಿಸಿದಷ್ಟೂ ಇನ್ನಷ್ಟು ಕೆಂಪು. ನಾನು ಹಿಗ್ಗಿ ನಕ್ಷೆ ಬರೆದೆ.

ಕಿರಿಯ ವಿದ್ಯಾರ್ಥಿನಿಯೊಬ್ಬಳು ಅದನ್ನು ನೋಡಿ, "ಸರ್, ಕಿಣ್ವ ಇಲ್ಲದ ಕೊಳವೆಗೂ ಆಸ್ಕಾರ್ಬಿಕ್ ಆಮ್ಲ ಹಾಕಿದ್ದಿರಾ?" ಎಂದಳು. ಹಾಕಿರಲಿಲ್ಲ. ಡಿಎನ್‌ಎಸ್‌ಗೆ ಸಕ್ಕರೆಯೇ ಬೇಕೆಂದಿಲ್ಲ, ಅಪಕರ್ಷಿಸುವುದು, ಅಂದರೆ ಎಲೆಕ್ಟ್ರಾನ್ ಕೊಡುವುದು, ಯಾವುದಾದರೂ ಸರಿ. ನಾನು ಆರು ವಾರ ಅಳೆದಿದ್ದು ವಿಟಮಿನ್ ಸಿಯನ್ನು.

ಬಾಲವಿಲ್ಲದೆ, ಪ್ರೋಟೀನನ್ನು ಕೋಶದಿಂದ ಹೊರಗೆ ಕಳಿಸುವ ಶಿಲೀಂಧ್ರದ ಸ್ವಂತ ಸಂಕೇತ ತುಣುಕನ್ನೇ ಉಳಿಸಿ, ಪಿಕಿಯ ಎಂಬ ಯೀಸ್ಟಿನಲ್ಲಿ ಮತ್ತೆ ತಯಾರಿಸಿದೆ. ಸಂಕೇತ ತುಣುಕು ಕಡಿದುಹೋದ ಜಾಗದಲ್ಲಿ ಹಿಸ್ಟಿಡಿನ್ ಸರಿಯಾಗಿ ತುದಿಗೆ ಬಂತು. ತಾಮ್ರ ತುಂಬಿಸಿ ಹೆಚ್ಚುವರಿಯನ್ನು ತೊಳೆದೆ. ಈ ಸಲ ಬಣ್ಣವನ್ನು ನಂಬಲಿಲ್ಲ. ದ್ರವ್ಯರಾಶಿ ರೋಹಿತದಲ್ಲಿ ಸಾಮಾನ್ಯ ತುಂಡುಗಳಿಗಿಂತ 16 ಡಾಲ್ಟನ್ ಹೆಚ್ಚು ತೂಗುವ, ಒಂದು ಆಕ್ಸಿಜನ್ ಹೊತ್ತ ಆಮ್ಲಗಳು ಕಂಡ ಮೇಲೆಯೇ ಉಸಿರುಬಿಟ್ಟೆ. ಸೆಲ್7ಎ ಜೊತೆ ಬೆರೆಸಿದಾಗ ಎರಡೂ ಬೇರೆಬೇರೆಯಾಗಿ ಕೊಟ್ಟ ಸಕ್ಕರೆಯ ಮೊತ್ತಕ್ಕಿಂತ ಹೆಚ್ಚು ಸಕ್ಕರೆ ಬಂತು. ಒಂದು ಕಡಿದಲ್ಲೆಲ್ಲ ಇನ್ನೊಂದಕ್ಕೆ ಹಿಡಿಯಲು ಹೊಸ ತುದಿ.

ಆದರೆ ಕೆಲವೇ ಗಂಟೆಗಳಲ್ಲಿ ಎಲ್‌ಪಿಎಂಓ ಸಾಯುತ್ತಿತ್ತು. ಇದು ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿ ವೇಗವಾಗಿ ದುಡಿಯುತ್ತದೆ ಎಂದು 2017ರಲ್ಲಿ ತಿಳಿದುಬಂತು. ಪೆರಾಕ್ಸೈಡ್ ಮಿತಿಮೀರಿದರೆ ಕಿಣ್ವ ತನ್ನ ಹಿಸ್ಟಿಡಿನ್‌ಗಳನ್ನೇ ಸುಟ್ಟುಕೊಳ್ಳುತ್ತದೆ. ಪಂಪಿನಿಂದ ಹನಿಹನಿಯಾಗಿ ಉಣಿಸಿದಾಗ ನನ್ನದು ಹೆಚ್ಚು ಹೊತ್ತು ಬಾಳಿತು, ಆದರೂ ರಾತ್ರಿ ದಾಟಲಿಲ್ಲ. ಶಿಲೀಂಧ್ರವು ಆ ಮೊದಲ ಹಿಸ್ಟಿಡಿನಿಗೆ ಒಂದು ಮೀಥೈಲ್ ಗುಂಪು ತೊಡಿಸುತ್ತದೆ, ಯೀಸ್ಟಿಗೆ ಆ ವಿದ್ಯೆ ಬಾರದು. ಅದು ಆತ್ಮದಹನದಿಂದ ಕಾಪಾಡುವ ಹೊದಿಕೆ ಎಂಬ ಸುಳಿವುಗಳಿವೆ. ಆದ್ದರಿಂದ ಅದೇ ಜೀನನ್ನು ಮತ್ತೆ ಹಸಿರು ಬೂಷ್ಟಿಗೇ ಸೇರಿಸಿದ್ದೇನೆ. ಕಳೆದ ವಾರ ತಟ್ಟೆಗಳ ಮೇಲೆ ಬೀಜಕಗಳು ಬಂದಿವೆ; ಈ ಸಲವೂ ಗ್ಲೂಕೋಸ್ ಹಾಕಿಲ್ಲ.