ಗಾಗಲ್ಸ್‌ಗೆ ಸ್ಪ್ಯಾನಿಷ್‌ನಲ್ಲಿ ಯಾವ ಪದ? ನನ್ನ ಅನುಭವ

ಕಣ್ಣಿನ ರಕ್ಷಣೆಯ ಸಾಧನಗಳ ಕ್ಯಾಟಲಾಗ್, ಬಳಕೆಯ ಸೂಚನೆ, ಎಚ್ಚರಿಕೆ ಫಲಕ ಇವನ್ನೆಲ್ಲ ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ತರುವಾಗ ನಿಘಂಟು ತೆರೆಯುವ ಮೊದಲೇ ಎರಡು ಸಂಗತಿ ಕೇಳಿ ತಿಳಿದುಕೊಳ್ಳುತ್ತೇನೆ. ಓದುವವರು ಯಾವ ದೇಶದವರು? ಆ ವಸ್ತು ಮುಖದ ಮೇಲೆ ಹೇಗೆ ಕೂರುತ್ತದೆ?

ಎರಡನೆಯದಕ್ಕೆ ಉತ್ಪನ್ನದ ಚಿತ್ರ ಬೇಕೇ ಬೇಕು. ಸೇಫ್ಟಿ ಗ್ಲಾಸಸ್, ಗಾಗಲ್ಸ್ ಎಂಬೆರಡನ್ನೂ ಮೂಲದಲ್ಲೇ ಅದಲುಬದಲು ಬರೆದಿರುವುದು ಹೆಚ್ಚು. ಸೇಫ್ಟಿ ಗ್ಲಾಸಸ್‌ನ ಕಡ್ಡಿ ಕಿವಿಯ ಮೇಲೆ ಕೂರುತ್ತದೆ. ಗಾಗಲ್ಸ್ ಎಲಾಸ್ಟಿಕ್ ಪಟ್ಟಿಯ ಬಿಗಿಯಲ್ಲಿ ಕಣ್ಣಿನ ಸುತ್ತ ಮುಚ್ಚಿಕೊಳ್ಳುತ್ತದೆ. ಆಮ್ಲ ಸಿಡಿಯುವ ಕಡೆ ಮೊದಲನೆಯದನ್ನು ಹಾಕಿಕೊಂಡರೆ ಬದಿಯಿಂದ ಹನಿ ಒಳನುಗ್ಗುತ್ತದೆ. ಇಲ್ಲಿ ಪದ ತಪ್ಪಿದರೆ ಕಣ್ಣಿಗೇ ಅಪಾಯ.

ಸ್ಪೇನ್‌ಗಾದರೆ ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕಣ್ಣಿನ ರಕ್ಷಣೆಯ ಮಾನದಂಡ ಇಎನ್ 166ರ ಪದಗಳನ್ನೇ ಹಿಡಿಯುತ್ತೇನೆ: ಕಡ್ಡಿಯದು 'ಗಾಫಾಸ್ ದೆ ಮೊಂತೂರಾ ಉನಿವೆರ್ಸಾಲ್', ಮುಚ್ಚಿದ್ದು 'ಗಾಫಾಸ್ ದೆ ಮೊಂತೂರಾ ಇಂತೆಗ್ರಾಲ್'. ಉನಿವೆರ್ಸಾಲ್ ಎಂದರೆ ಎಲ್ಲರ ಅಳತೆಗೂ ಸರಿಹೊಂದುವುದು ಎಂದಲ್ಲ, ಅದು ಚೌಕಟ್ಟಿನ ಬಗೆಯ ಹೆಸರು. ಮೆಕ್ಸಿಕೊದ ಸುರಕ್ಷಾ ಸಾಧನಗಳ ಮಾನದಂಡ ನೋಮ್-017-ಎಸ್‌ಟಿಪಿಎಸ್-2008 ಮೊದಲನೆಯದನ್ನು 'ಆಂತೆಓಹೋಸ್ ದೆ ಪ್ರೊತೆಕ್ಸಿಯೋನ್' ಎನ್ನುತ್ತದೆ, ಎರಡನೆಯದಕ್ಕೆ ಗಾಗಲ್ಸ್ ಎಂಬ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡಿದೆ. ಅಲ್ಲಿನ ಕೆಲಸಗಾರರ ಬಾಯಲ್ಲಿ ಮಾತ್ರ ಕಡ್ಡಿಯ ಕನ್ನಡಕ 'ಲೆಂತೆಸ್'. ಮುಚ್ಚಿದ ಗಾಗಲ್ಸ್ ಕೊಲಂಬಿಯಾದಲ್ಲಿ 'ಮೊನೊಗಾಫಾಸ್', ಅರ್ಜೆಂಟೀನಾ, ಚಿಲಿಗಳಲ್ಲಿ 'ಆಂತಿಪಾರ್ರಾಸ್'. ಎಲ್ಲ ದೇಶಕ್ಕೂ ಒಂದೇ ಪಠ್ಯ ಬೇಕೆಂದು ಗ್ರಾಹಕರು ಹಟ ಹಿಡಿದರೆ ಸಾಮಾನ್ಯ ವಾಕ್ಯಗಳಲ್ಲಿ 'ಪ್ರೊತೆಕ್ಸಿಯೋನ್ ಒಕುಲಾರ್', ಅಂದರೆ ಕಣ್ಣಿನ ರಕ್ಷಣೆ, ಎಂದು ಬಳಸಿ, ಉತ್ಪನ್ನದ ಹೆಸರಿಗೆ ಮಾತ್ರ ದೇಶವಾರು ಕೋಷ್ಟಕ ಕೊಡುತ್ತೇನೆ. ವೈಯಕ್ತಿಕ ರಕ್ಷಣಾ ಸಾಧನಗಳು (ಇಂಗ್ಲಿಷಿನ ಪಿಪಿಇ) ಎಂಬ ಒಟ್ಟು ಹೆಸರಿನ ಸಂಕ್ಷೇಪವೂ ಬದಲಾಗುತ್ತದೆ: ಸ್ಪೇನ್‌ನಲ್ಲಿ ಇಪಿಐ, ಲ್ಯಾಟಿನ್ ಅಮೆರಿಕದಲ್ಲಿ ಇಪಿಪಿ.

ಬಿಡಿಭಾಗಗಳಲ್ಲಿ ಯಂತ್ರಾನುವಾದ ಹೆಚ್ಚು ಎಡವುತ್ತದೆ. ಕನ್ನಡಕದ ಕಡ್ಡಿಗೆ ಇಂಗ್ಲಿಷಿನಲ್ಲಿ ಟೆಂಪಲ್ ಎನ್ನುವುದರಿಂದ ಅದು 'ತೆಂಪ್ಲೊ', ಅಂದರೆ ದೇವಾಲಯ, ಆಗಿಬಿಡುತ್ತದೆ. ಬೇಕಾದ ಪದ 'ಪಾತಿಯಾ'. ಸೇಫ್ಟಿ ಗ್ಲಾಸ್ ಎಂದು ಏಕವಚನದಲ್ಲಿದ್ದರೆ ಅದು ಕನ್ನಡಕವಲ್ಲ, ಕಿಟಕಿ ಅಥವಾ ಯಂತ್ರದ ಗಾಜು: 'ವಿದ್ರಿಯೊ ದೆ ಸೆಗುರಿದಾದ್'. ಫೇಸ್ ಶೀಲ್ಡ್‌ಗೆ ಯೋಧನ ಗುರಾಣಿಯಾದ 'ಎಸ್ಕೂದೊ' ಬೇಡ, 'ಪಾಂತಾಯಾ ಫಾಸಿಯಾಲ್' ಸಾಕು. ವೆಲ್ಡಿಂಗ್ ಗಾಜು ಎಷ್ಟು ಕಪ್ಪು ಎಂದು ಹೇಳುವ ಶೇಡ್ ಸಂಖ್ಯೆ ಮೆಕ್ಸಿಕೊದಲ್ಲಿ 'ಸೊಂಬ್ರಾ', ಸ್ಪೇನ್‌ನಲ್ಲಿ 'ಗ್ರಾದೊ'.

ಗೀರು ಬೀಳದ ಲೇಪನದ ಹೆಸರಿನಲ್ಲಿ ಒಂದು ಸೂಕ್ಷ್ಮವಿದೆ. ಗೀರುವುದು 'ರಾಯಾರ್', ತುರಿಯುವುದೂ ಬಹುತೇಕರ ಉಚ್ಚಾರದಲ್ಲಿ 'ರಾಯಾರ್'. ಬರಹದಲ್ಲಿ ಮಾತ್ರ ಮೊದಲನೆಯದಕ್ಕೆ ವೈ, ಎರಡನೆಯದಕ್ಕೆ ಜೋಡಿ ಎಲ್. ಸ್ಪ್ಯಾನಿಷ್ ಮಾತೃಭಾಷೆಯವರೇ ಎಲ್ ಹಾಕಿ, ಲೇಪನವನ್ನು ಚೀಸ್ ತುರಿಯುವ ಮಾತಿಗೆ ಜೋಡಿಸಿಬಿಡುತ್ತಾರೆ. ಎರಡೂ ಸರಿಯಾದ ಪದಗಳಾದ್ದರಿಂದ ಸ್ಪೆಲ್‌ಚೆಕ್ ಸುಮ್ಮನಿರಬಹುದು. ಹಾಗಾಗಿ ಕೊನೆಯಲ್ಲಿ ಆ ಅಕ್ಷರಗಳನ್ನೇ ಹುಡುಕಿ ನೋಡುತ್ತೇನೆ.

ಚೌಕಟ್ಟಿನ ಮೇಲೆ ಅಚ್ಚೊತ್ತಿದ ಗುರುತುಗಳನ್ನು ಅನುವಾದಿಸುವುದೇ ಇಲ್ಲ. '166 3 B' ಎಂದಿದ್ದರೆ ಅದು ಹಾಗೇ ಇರಲಿ. ಪಕ್ಕದ ವಿವರಣೆಯನ್ನು ಮಾತ್ರ ಸ್ಪ್ಯಾನಿಷ್‌ಗೆ ತಂದರಾಯಿತು. 3 ಎಂದರೆ ದ್ರವದ ಹನಿಗಳಿಂದ ರಕ್ಷಣೆ, B ಎಂದರೆ ಸೆಕೆಂಡಿಗೆ 120 ಮೀಟರ್ ವೇಗದ ಕಣದ ಹೊಡೆತಕ್ಕೆ ತಡೆ. F ಇದ್ದರೆ 45 ಮೀಟರ್, A ಇದ್ದರೆ 190. ಇಂಗ್ಲಿಷಿನಲ್ಲಿ 'ಇಂಪ್ಯಾಕ್ಟ್ ರೆಸಿಸ್ಟೆಂಟ್' ಇದ್ದಲ್ಲಿ 'ರೆಸಿಸ್ತೆಂತೆ ಅ ಇಂಪಾಕ್ತೋಸ್' ಎಂದಷ್ಟೇ ಬರೆಯುತ್ತೇನೆ. 'ಇರ್ರೊಂಪಿಬ್ಲೆ', ಅಂದರೆ ಒಡೆಯಲಾಗದ್ದು, ಎಂದು ಬರೆದರೆ ತಯಾರಕರು ಕೊಡದ ಭರವಸೆಯನ್ನು ಅನುವಾದಕರು ಕೊಟ್ಟಂತಾಗುತ್ತದೆ.

ಎಣಿಕೆಯಲ್ಲೂ ಗೊಂದಲವಿದೆ. ಒಂದೇ ಕನ್ನಡಕಕ್ಕೂ ಸಾಮಾನ್ಯವಾಗಿ ಗಾಫಾಸ್ ಎಂಬ ಬಹುವಚನವೇ ಬಳಕೆ, ಹಾಗಾಗಿ ಪೆಟ್ಟಿಗೆಯ ಚೀಟಿಯ ಮೇಲೆ '12 ಉನಿದಾದೆಸ್', ಅಂದರೆ 12 ಬಿಡಿ ವಸ್ತುಗಳು, ಎಂದು ಬರೆಯುತ್ತೇನೆ. ಇನ್ನು ಕಾಂಟ್ಯಾಕ್ಟ್ ಲೆನ್ಸ್ ಕುರಿತ ಎಚ್ಚರಿಕೆಯಲ್ಲಿ ಬರೀ 'ಲೆಂತೆಸ್ ಹಾಕಬೇಡಿ' ಎಂದು ಬಿಟ್ಟರೆ, ಮೆಕ್ಸಿಕೊದ ಕೆಲಸಗಾರ ಸುರಕ್ಷಾ ಕನ್ನಡಕವನ್ನೇ ತೆಗೆದಿಟ್ಟಾನು. ಅಲ್ಲಿ 'ಲೆಂತೆಸ್ ದೆ ಕೊಂತಾಕ್ತೊ' ಎಂದು ಪೂರ್ತಿ ಬರೆಯಲೇಬೇಕು.