ಅಮೆರಿಕದ ಪಾಸ್‌ಪೋರ್ಟ್, ಬೇರೆ ದೇಶದಲ್ಲಿ ಮನೆ: ಕಾಲೇಜು ಸೀಟಿನ ಲೆಕ್ಕ ಹಾಕುವುದು ಹೇಗೆ

ಮಗು ಹುಟ್ಟಿದ್ದು ಅಮೆರಿಕದಲ್ಲಿ, ಸಂಸಾರ ಈಗ ದುಬೈಯಲ್ಲೋ ಸಿಂಗಪುರದಲ್ಲೋ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಸಂಘದ ಊಟದ ಸಾಲಿನಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ನಿಮಗೇನ್ರೀ, ಎರಡು ಪೌರತ್ವ ಇದೆ, ಅಮೆರಿಕದಲ್ಲಿ ಸೀಟು ಸಲೀಸು." ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಪೌರತ್ವವಲ್ಲ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಒಸಿಐ ಎಂದರೆ ಆಜೀವ ವೀಸಾ ಮತ್ತು ಅದರ ಜೊತೆಗೆ ಕೆಲವು ಸವಲತ್ತು, ಅಷ್ಟೇ. ಇದು ಬರೀ ಪದದ ಜಗಳವಲ್ಲ. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಕಳಿಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಪೌರತ್ವದ ಪ್ರಶ್ನೆಗೆ 'ಯುಎಸ್ ಸಿಟಿಜನ್' ಮತ್ತು 'ಯುಎಸ್ ಡ್ಯುಯಲ್ ಸಿಟಿಜನ್' ಎಂಬ ಬೇರೆಬೇರೆ ಉತ್ತರಗಳಿವೆ. ಒಸಿಐ ಇಟ್ಟುಕೊಂಡವರು ಆರಿಸಬೇಕಾದದ್ದು ಮೊದಲನೆಯದು. ಬ್ರಿಟನ್, ಕೆನಡಾದಂಥ ಇನ್ನೊಂದು ದೇಶದ ಪೌರತ್ವ ನಿಜಕ್ಕೂ ಇದ್ದರೆ ಮಾತ್ರ ಎರಡನೆಯದು. 2024ರ ಜೂನ್‌ನಿಂದ ಜರ್ಮನಿಯೂ ಬಹುಪೌರತ್ವಕ್ಕೆ ಅವಕಾಶ ಕೊಟ್ಟಿರುವುದರಿಂದ ಅಲ್ಲಿನ ಕೆಲವು ಮಕ್ಕಳು ಈಗ ಈ ಗುಂಪಿಗೆ ಸೇರುತ್ತಾರೆ.

ಎರಡನೆಯದು, ಪಾಸ್‌ಪೋರ್ಟ್ ಇದೆಯೆಂದು ಯಾರೂ ಅಂಕ ಹೆಚ್ಚಿಸುವುದಿಲ್ಲ. ಅದು ತೆಗೆಯುವುದು ಒಂದು ಅಡ್ಡಿಯನ್ನು: ಹಣದ ಅಡ್ಡಿಯನ್ನು. ಸ್ಟ್ಯಾನ್‌ಫರ್ಡ್, ಕಾರ್ನೆಲ್, ಕೊಲಂಬಿಯಾದಂಥ ಕಡೆ ವಿದೇಶಿ ವಿದ್ಯಾರ್ಥಿ ಆರ್ಥಿಕ ನೆರವು ಕೇಳಿದರೆ ಆಯ್ಕೆಯಲ್ಲಿ ಅದನ್ನೂ ತೂಗುತ್ತಾರೆ. ಅಮೆರಿಕದ ಪೌರ ಎಲ್ಲೇ ವಾಸವಿರಲಿ, ಅವನ ಅರ್ಜಿಯಲ್ಲಿ ಅದನ್ನು ನೋಡುವುದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ಗಳು ವಿದೇಶಿಯರದ್ದನ್ನೂ ನೋಡುವುದಿಲ್ಲ. ಹಾಗಾಗಿ ನೆರವೇ ಬೇಡ, ಪೂರ್ತಿ ಶುಲ್ಕ ಕಟ್ಟುತ್ತೇವೆ ಎನ್ನುವ ಮನೆಗೆ ಈ ಪಾಸ್‌ಪೋರ್ಟಿನಿಂದ ಆಯ್ಕೆಯಲ್ಲಿ ಸಿಗುವ ಲಾಭ ಜನ ಅಂದುಕೊಂಡಷ್ಟಿಲ್ಲ. ನೆರವು ಬೇಕಾದ ಮನೆಗೆ ಮಾತ್ರ ಅದು ದೊಡ್ಡ ಬಾಗಿಲು.

ಇನ್ನು ಅಂದಾಜಿನ ವಿಷಯ. ಅರ್ಜಿಯನ್ನು ಓದುವವರು ಮಗುವನ್ನು ಅದು ಕಲಿಯುತ್ತಿರುವ ಶಾಲೆಯ ಹಿನ್ನೆಲೆಯಲ್ಲೇ ಅಳೆಯುತ್ತಾರೆ. ಅಲ್ಲಿ ಯಾವ ಕಠಿಣ ವಿಷಯಗಳಿದ್ದವು, ಅವುಗಳಲ್ಲಿ ಈ ಮಗು ಎಷ್ಟನ್ನು ತೆಗೆದುಕೊಂಡಿತು, ಸಹಪಾಠಿಗಳ ನಡುವೆ ಎಲ್ಲಿ ನಿಂತಿತು ಎಂಬುದು ಮುಖ್ಯ. ಕೌನ್ಸೆಲರ್ ಕಳಿಸುವ 'ಸ್ಕೂಲ್ ಪ್ರೊಫೈಲ್' ಇದನ್ನೇ ಹೇಳುವ ಕಾಗದ. ಹೊಸ ಶಾಲೆಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಹಳೆಯದಾಗಿರುತ್ತದೆ. ಹನ್ನೊಂದನೇ ತರಗತಿಯಲ್ಲೇ ಕೇಳಿ ನೋಡಿ. ಸಿಬಿಎಸ್‌ಇ ಅಂಕವನ್ನು ನೀವೇ ಜಿಪಿಎಗೆ (ಅಮೆರಿಕದ ನಾಲ್ಕರ ಅಳತೆಯ ಸರಾಸರಿಗೆ) ಇಳಿಸಲು ಹೋಗಬೇಡಿ. 85ನ್ನು ನೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ 3.4 ಬರುತ್ತದೆ, ಒಳ್ಳೆಯ ವಿದ್ಯಾರ್ಥಿ ಸಾಧಾರಣನಂತೆ ಕಾಣುತ್ತಾನೆ. ಶಾಲೆ ಜಿಪಿಎ ಕೊಡದಿದ್ದರೆ ಆ ಜಾಗ ಖಾಲಿ ಬಿಡಿ.

ಕಾಲೇಜಿನ ಅಂಕಿಅಂಶಕ್ಕೆ ಮುಖ್ಯ ಆಧಾರ: ಹೆಚ್ಚಿನ ಕಾಲೇಜುಗಳು ವರ್ಷವರ್ಷ ಪ್ರಕಟಿಸುವ 'ಕಾಮನ್ ಡೇಟಾ ಸೆಟ್'. ಅದರ ಸಿ1 ವಿಭಾಗದಲ್ಲಿ ಅರ್ಜಿ ಎಷ್ಟು, ಪ್ರವೇಶ ಎಷ್ಟು. ಸಿ7ರಲ್ಲಿ ಯಾವುದಕ್ಕೆ ಎಷ್ಟು ಬೆಲೆ. ಸಿ9ರಲ್ಲಿ ಸೇರಿದವರ ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ. ಸಿ9ನ್ನು ಓದುವಾಗ ಎಚ್ಚರ ಬೇಕು. ಪರೀಕ್ಷೆ ಐಚ್ಛಿಕವಾಗಿರುವ ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂದವರೇ ಕಳಿಸುವುದರಿಂದ ಆ ಸಂಖ್ಯೆ ಉಬ್ಬಿರುತ್ತದೆ. ಸಿ21ರಲ್ಲಿ 'ಅರ್ಲಿ ಡಿಸಿಷನ್', ಅಂದರೆ ಸೀಟು ಸಿಕ್ಕರೆ ಸೇರಲೇಬೇಕೆಂಬ ಷರತ್ತಿನ ಮುಂಗಡ ಅರ್ಜಿಗಳ ಲೆಕ್ಕ ಇದೆ. ಅಲ್ಲಿನ ಶೇಕಡಾವಾರು ಕಂಡು ಹಿಗ್ಗುವ ಮುನ್ನ, ಕ್ರೀಡಾಪಟುಗಳಾಗಿ ಮೊದಲೇ ಆರಿಸಲ್ಪಟ್ಟವರೂ ಅದರೊಳಗಿದ್ದಾರೆ ಎಂಬುದು ನೆನಪಿರಲಿ. ನಿಮ್ಮ ಮಗುವಿಗೆ 'ಇಂಟರ್‌ನ್ಯಾಷನಲ್' ವಿದ್ಯಾರ್ಥಿಗಳ ಪ್ರವೇಶ ಪ್ರಮಾಣ ಪೂರ್ತಿ ಹೊಂದುವುದಿಲ್ಲ, ಒಟ್ಟು ಪ್ರವೇಶ ಪ್ರಮಾಣವೂ ಹೊಂದುವುದಿಲ್ಲ. ಇವೆರಡಕ್ಕಿಂತ ಬೆಲೆಬಾಳುವುದು ನಿಮ್ಮ ಶಾಲೆಯವರಿಗೆ ಹಿಂದಿನ ನಾಲ್ಕೈದು ವರ್ಷಗಳಲ್ಲಿ ಎಲ್ಲೆಲ್ಲಿ ಸೀಟು ಸಿಕ್ಕಿತು ಎಂಬ ಲೆಕ್ಕ. ಕೌನ್ಸೆಲರ್ ಬಳಿ ಅದನ್ನು ಕೇಳುವಾಗ ಅಮೆರಿಕದ ಪಾಸ್‌ಪೋರ್ಟ್ ಇದ್ದವರದ್ದನ್ನು ಬೇರೆ ಮಾಡಿಸಿ ನೋಡಿ. ಪ್ರವೇಶ ಪ್ರಮಾಣ ಶೇ 10ಕ್ಕಿಂತ ಕಡಿಮೆ ಇರುವ ಕಾಲೇಜನ್ನು ಅಂಕ ಎಷ್ಟೇ ಇದ್ದರೂ 'ಖಚಿತ' ಪಟ್ಟಿಗೆ ಹಾಕಬೇಡಿ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾದದ್ದು ಪೌರತ್ವವಲ್ಲ, ರಾಜ್ಯದ ವಾಸ. ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕಪ್ಪನ ಮನೆ ಇದೆ, ಆ ವಿಳಾಸ ಕೊಟ್ಟರಾಯಿತು ಎಂಬ ಸಲಹೆಯನ್ನು ನಂಬಬೇಡಿ. ಅವಲಂಬಿತ ವಿದ್ಯಾರ್ಥಿಯ ವಾಸ ನಿರ್ಧಾರವಾಗುವುದು ತಂದೆತಾಯಿಯ ವಾಸದ ಮೇಲೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಹೊರಗಿನವರು ಸಾಮಾನ್ಯ ಶುಲ್ಕದ ಮೇಲೆ ವರ್ಷಕ್ಕೆ ಮೂವತ್ತು ಸಾವಿರ ಡಾಲರಿಗೂ ಮಿಕ್ಕಿ ಕಟ್ಟಬೇಕು. ಎಸ್‌ಎಟಿಯನ್ನು ಅಲ್ಲಿ ಪ್ರವೇಶಕ್ಕೆ ನೋಡುವುದೇ ಇಲ್ಲ.

ಎಡವುವವರು ಹೆಚ್ಚು ಎಡವುವುದು ಫಾಫ್ಸಾದಲ್ಲಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಆರ್ಥಿಕ ನೆರವಿನ ಅರ್ಜಿಯಲ್ಲಿ. ಮಗುವಿಗೆ ಅಮೆರಿಕ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕು. ತಂದೆತಾಯಿಗೆ ಇಲ್ಲದಿದ್ದರೂ ನಡೆಯುತ್ತದೆ. ಅಮೆರಿಕದ ಹೊರಗೆ ಹುಟ್ಟಿ ರಾಯಭಾರ ಕಚೇರಿಯ ಮೂಲಕ ಪೌರತ್ವ ದಾಖಲಾದ ಮಕ್ಕಳಿಗೆ ಈ ಸಂಖ್ಯೆ ತಾನಾಗಿ ಬರುವುದಿಲ್ಲ, ಬೇರೆಯೇ ಅರ್ಜಿ ಹಾಕಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಹತ್ತನೇ ತರಗತಿಯಲ್ಲೇ ಮುಗಿಸಿಡಿ. ನಮ್ಮ ಹೆಸರುಗಳದ್ದು ಇನ್ನೊಂದು ತಲೆನೋವು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಕುಲನಾಮ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಮತ್ತೊಂದು ಕ್ರಮ. ಫಾಫ್ಸಾಕ್ಕೆ ಕಾರ್ಡಿನಲ್ಲಿರುವ ಹೆಸರು ಅಕ್ಷರಶಃ ಹೊಂದಬೇಕು. ತಂದೆತಾಯಿ ಪೌರರಾದಾಗ ಜೊತೆಗೆ ತಾನೂ ಪೌರನಾದ ಮಗುವಿನ ಪೌರತ್ವ ಸೋಷಿಯಲ್ ಸೆಕ್ಯುರಿಟಿ ದಾಖಲೆಯಲ್ಲಿ ಬದಲಾಗದೆ ಉಳಿದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಕಾಲೇಜಿಗೆ ಪಾಸ್‌ಪೋರ್ಟ್ ತೋರಿಸಿ ಬಿಡಿಸಿಕೊಳ್ಳಬೇಕಾಗುತ್ತದೆ.

ಗಲ್ಫ್‌ನ ತೆರಿಗೆಯಿಲ್ಲದ ಸಂಬಳವನ್ನೂ ಡಾಲರಿಗೆ ಪರಿವರ್ತಿಸಿ ತೋರಿಸಲೇಬೇಕು. ವಾಸದ ಮನೆಯನ್ನು ಫಾಫ್ಸಾ ಆಸ್ತಿಯೆಂದು ಎಣಿಸುವುದಿಲ್ಲ. ಆದರೆ ನೀವು ದುಬೈಯಲ್ಲಿದ್ದು ಬೆಂಗಳೂರಿನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿದ್ದರೆ ಅದು ವಾಸದ ಮನೆಯಲ್ಲ, ಹೂಡಿಕೆ. ಮೈಸೂರಿನ ಖಾಲಿ ಸೈಟೂ ಹಾಗೆಯೇ. ಆಸ್ತಿ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ನಿಮ್ಮ ಪಾಲನ್ನಷ್ಟೇ ಬರೆಯಿರಿ. ಪೂರ್ತಿ ಬೆಲೆ ಬರೆದು ನೆರವು ಕಳೆದುಕೊಳ್ಳಬೇಡಿ. ಅನೇಕ ಖಾಸಗಿ ಕಾಲೇಜುಗಳು ಇದರ ಜೊತೆ ತಮ್ಮ ಸ್ವಂತ ನೆರವಿನ ಅರ್ಜಿಯಾಗಿ ಸಿಎಸ್‌ಎಸ್ ಪ್ರೊಫೈಲನ್ನೂ ಕೇಳುತ್ತವೆ, ಅದು ವಾಸದ ಮನೆಯ ಬೆಲೆಯನ್ನೂ ಬಿಡುವುದಿಲ್ಲ. ಸೀಟಿನ ಅಂದಾಜಿನ ಜೊತೆಗೇ ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ 'ನೆಟ್ ಪ್ರೈಸ್ ಕ್ಯಾಲ್ಕುಲೇಟರ್' (ನೆರವು ಕಳೆದು ನಿಮಗೆ ಬೀಳುವ ಖರ್ಚಿನ ಲೆಕ್ಕ) ಓಡಿಸಿ ನೋಡಿ. ಸೀಟು ಸಿಕ್ಕಿ ದುಡ್ಡು ಸಾಲದೆ ಬಿಡುವುದು ಸೀಟು ಸಿಗದಿದ್ದಕ್ಕಿಂತ ಹೆಚ್ಚು ನೋಯಿಸುತ್ತದೆ.

ಎರಡನೇ ಪಾಸ್‌ಪೋರ್ಟ್ ಬ್ರಿಟನ್ನಿನದಾದರೆ ಅದೇ ತರ್ಕವನ್ನು ಅಲ್ಲಿಗೆ ಒಯ್ಯಬೇಡಿ. ಅಲ್ಲಿ ಸ್ಥಳೀಯ ಶುಲ್ಕಕ್ಕೆ ಪೌರತ್ವ ಸಾಲದು, ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಮುಂಚಿನ ಮೂರು ವರ್ಷ ಅಲ್ಲಿ ವಾಸವಿರಬೇಕು.

ಊರಿಗೇ ಕಳಿಸುವ ಯೋಚನೆ ಇದ್ದರೆ ಒಸಿಐ ಕಾರ್ಡಿನ ದಿನಾಂಕ ನೋಡಿ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ನೀಟ್, ಜೆಇಇ ಮೂಲಕ ಒಸಿಐ ಮಕ್ಕಳಿಗೆ ಸಿಗುವುದು ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ. ಆ ದಿನಕ್ಕೆ ಮುಂಚೆ ಕಾರ್ಡ್ ಪಡೆದವರಿಗೆ ಸಾಮಾನ್ಯ ಸೀಟಿಗೂ ಸ್ಪರ್ಧಿಸುವ ಹಳೆಯ ಹಕ್ಕನ್ನು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಉಳಿಸಿದೆ. ಪಾಸ್‌ಪೋರ್ಟ್ ಬದಲಾಯಿತೆಂದು ಕಾರ್ಡನ್ನು ಮರುವಿತರಣೆಗೆ ಕೊಡುವ ಮುನ್ನ, ಮೊದಲ ದಿನಾಂಕಕ್ಕೆ ಸಾಕ್ಷಿಯಾಗಿ, ಹಳೆಯದರ ಎರಡೂ ಬದಿಯ ಬಣ್ಣದ ಪ್ರತಿ ತೆಗೆದಿಡಿ.