ಹೊರಬೇಕಾದ ಕ್ಯಾಮೆರಾದಿಂದ ಆರಂಭಿಸಿ ನಾನು ಡ್ರೋನ್ ಆರಿಸಿಕೊಂಡ ಬಗೆ

ಆಕಾಶದಿಂದ ಅಲುಗಾಡದ ವಿಡಿಯೊ ತೆಗೆಯಲು ಡ್ರೋನ್ ಕೊಳ್ಳಬೇಕೆಂದು ಹೊರಟಾಗ ನಾನು ಮೊದಲಿಗೆ ನೋಡಿದ್ದು ಅದರ ವೇಗ, ಹಾರುವ ದೂರ ಮತ್ತು ಗಾಳಿಯಲ್ಲಿ ಉಳಿಯುವ ನಿಮಿಷಗಳನ್ನು. ಆ ಅಂಕಿಗಳಿಂದ ಯಾವ ತೀರ್ಮಾನವೂ ಆಗಲಿಲ್ಲ. ಒಂದು ಸಂಜೆ ನನ್ನ ಕ್ಯಾಮೆರಾ, ಹೆಚ್ಚಾಗಿ ಬಳಸುವ ಲೆನ್ಸ್, ಫಿಲ್ಟರ್, ಅದರ ಬ್ಯಾಟರಿ ಮತ್ತು ಚಿತ್ರವನ್ನು ಕೆಳಕ್ಕೆ ಕಳಿಸುವ ಟ್ರಾನ್ಸ್‌ಮಿಟರ್ ಎಲ್ಲವನ್ನೂ ಒಟ್ಟಿಗೆ ತಕ್ಕಡಿಯಲ್ಲಿಟ್ಟು ತೂಗಿದೆ. 2.3 ಕಿಲೊ ಬಂತು. ಕ್ಯಾಮೆರಾವನ್ನು ವಾಲದಂತೆ ಹಿಡಿದಿಡುವ ಮೋಟಾರು ಜೋಡಿಸಿದ ಹಿಡಿಕೆಯಾದ ಗಿಂಬಲ್ ಸೇರಿಸಿದಾಗ ನಾಲ್ಕೂವರೆ ದಾಟಿತು. ಆಯ್ಕೆ ನಿಜವಾಗಿ ಆರಂಭವಾದದ್ದು ಅಲ್ಲಿಂದ.

ಈ ತೂಕ ಗೊತ್ತಾದೊಡನೆ ಅರ್ಧಕ್ಕರ್ಧ ಡ್ರೋನ್‌ಗಳು ಪಟ್ಟಿಯಿಂದ ಬಿದ್ದುಹೋದವು. 2023ರಲ್ಲಿ ಬಂದ ಡಿಜೆಐ ಇನ್‌ಸ್ಪೈರ್ 3 ತನ್ನದೇ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದೊಂದಿಗೆ ಸುಮಾರು 4 ಕಿಲೊ ತೂಗುವ ಅಚ್ಚುಕಟ್ಟಾದ ಯಂತ್ರ. ಕ್ಯಾಮೆರಾ ಬದಲಿಸುವ ಅಗತ್ಯವಿಲ್ಲದವರಿಗೆ ಅದೇ ಸಾಕು ಎಂಬುದು ನನ್ನ ಅಭಿಪ್ರಾಯ. ನನಗೆ ಮಾತ್ರ ನೆಲದ ಮೇಲೆ ಬಳಸುವ ಕ್ಯಾಮೆರಾವನ್ನೇ ಮೇಲಕ್ಕೂ ಒಯ್ಯಬೇಕಿತ್ತು, ಏಕೆಂದರೆ ಎರಡು ಕ್ಯಾಮೆರಾಗಳ ಬಣ್ಣವನ್ನು ಸಂಕಲನದಲ್ಲಿ ಹೊಂದಿಸುವುದರಲ್ಲೇ ದಿನಗಳು ಕಳೆದುಹೋಗುತ್ತಿದ್ದವು. ಹಾಗಾಗಿ 2016ರ ಮ್ಯಾಟ್ರಿಸ್ 600ರಂತಹ ಆರು ಮೋಟಾರಿನವು, ಫ್ರೀಫ್ಲೈ ಆಲ್ಟಾ 8ರಂತಹ ಎಂಟು ಮೋಟಾರಿನವು ಉಳಿದುಕೊಂಡವು.

ಮೋಟಾರುಗಳ ಸಂಖ್ಯೆಯ ಪ್ರಶ್ನೆ ಬರಿಯ ಶಕ್ತಿಯದ್ದಲ್ಲ. ನಾಲ್ಕು ಮೋಟಾರಿನ ಡ್ರೋನಿನಲ್ಲಿ ಒಂದು ನಿಂತರೆ ಸಾಮಾನ್ಯವಾಗಿ ಕ್ಯಾಮೆರಾ ಸಮೇತ ಎಲ್ಲವೂ ನೆಲಕ್ಕೆ ಬೀಳುತ್ತದೆ. ಆರರಲ್ಲಿ ಒಂದು ಕೈಕೊಟ್ಟಾಗ, ಭಾರ ಮಿತಿಯೊಳಗಿದ್ದರೆ ಮತ್ತು ಉಳಿದ ಮೋಟಾರುಗಳಿಗೆ ಇನ್ನೂ ಎತ್ತುವ ಬಲವಿದ್ದರೆ, ಅದು ತಿರುಗುತ್ತಲಾದರೂ ಇಳಿಯುವ ಅವಕಾಶವಿರುತ್ತದೆ. ಎಂಟರಲ್ಲಿ ಆ ಅವಕಾಶ ಇನ್ನೂ ಹೆಚ್ಚು. ಅದಕ್ಕಾಗಿಯೇ ಪೂರ್ತಿ ಭಾರ ಹೊತ್ತು ನಿಶ್ಚಲವಾಗಿ ನಿಂತಿರುವಾಗ ಮೋಟಾರುಗಳು ತಮ್ಮ ಗರಿಷ್ಠ ಬಲದ ಅರ್ಧಕ್ಕಿಂತ ಹೆಚ್ಚು ಬಳಸಬಾರದು ಎಂಬ ಲೆಕ್ಕವನ್ನು ನಾನು ಇಟ್ಟುಕೊಂಡೆ. ಗಾಳಿಯ ಹೊಡೆತವನ್ನು ತಡೆಯುವುದಕ್ಕೂ ಬೇಕಾಗುವುದು ಇದೇ ಉಳಿಕೆ ಬಲ.

ಇನ್ನು ಗಿಂಬಲ್. ಎಲ್ಲರೂ ಅದನ್ನು ಮಾಂತ್ರಿಕ ವಸ್ತುವಿನಂತೆ ಮಾತನಾಡುತ್ತಾರೆ, ಆದರೆ ಅದು ಮಾಡುವ ಕೆಲಸಕ್ಕೆ ಸ್ಪಷ್ಟವಾದ ಗಡಿಯಿದೆ. ಮೂರು ಅಕ್ಷದ ಗಿಂಬಲ್ ಕ್ಯಾಮೆರಾದ ಓರೆಯನ್ನು, ಬಾಗುವಿಕೆಯನ್ನು, ತಿರುಗುವಿಕೆಯನ್ನು ಸರಿಪಡಿಸುತ್ತದೆಯೇ ಹೊರತು, ಇಡೀ ಡ್ರೋನ್ ಒಂದಡಿ ಮೇಲೆ ಕೆಳಗೆ ಆದರೆ ಅದನ್ನು ತಡೆಯಲಾರದು. ದೂರದ ಬೆಟ್ಟವನ್ನು ತೆಗೆಯುವಾಗ ಇದು ಕಾಣುವುದಿಲ್ಲ. ಮರದ ಕೊಂಬೆಯ ಪಕ್ಕದಲ್ಲೇ ಹಾದುಹೋಗುವಾಗ ಕಣ್ಣಿಗೆ ರಾಚುತ್ತದೆ. ಆದ್ದರಿಂದ ಡ್ರೋನ್ ತಾನೇ ಎತ್ತರವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸದೆ ಗಿಂಬಲ್ಲನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ಎರಡನೆಯ ಗಡಿ ಕಂಪನ. ಬಾಡಿಗೆಗೆ ತಂದ ಎಂಟು ಮೋಟಾರಿನ ಡ್ರೋನಿನಲ್ಲಿ ತೆಗೆದ ಮೊದಲ ದೃಶ್ಯವನ್ನು ದೊಡ್ಡ ಪರದೆಯಲ್ಲಿ ನೋಡಿದಾಗ, ಕಟ್ಟಡದ ನೆಟ್ಟಗಿನ ಅಂಚು ನೀರಿನೊಳಗಿನ ಕೋಲಿನಂತೆ ಅಲೆಅಲೆಯಾಗಿ ನಡುಗುತ್ತಿತ್ತು, ಆದರೆ ದಿಗಂತ ಮಾತ್ರ ಒಂದಿಷ್ಟೂ ವಾಲಿರಲಿಲ್ಲ. ಅಂದರೆ ಗಿಂಬಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ನಿಮಿಷಕ್ಕೆ 6000 ಸುತ್ತು ತಿರುಗುವ ಮೋಟಾರು ಸಮತೋಲ ತಪ್ಪಿದರೆ ಸೆಕೆಂಡಿಗೆ 100 ಸಲ ಚೌಕಟ್ಟನ್ನು ನಡುಗಿಸುತ್ತದೆ. ಅಷ್ಟು ವೇಗದ ನಡುಕವನ್ನು ಗಿಂಬಲ್ಲಿನ ಮೋಟಾರುಗಳು ಬೆನ್ನಟ್ಟಲಾರವು. ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಪ್ರತಿ ಸಾಲೂ ತುಸು ಬೇರೆ ಜಾಗದಲ್ಲಿ ದಾಖಲಾಗಿ ಗೆರೆಗಳು ಹಾಗೆ ಅಲೆಯಾಗುತ್ತವೆ.

ಪ್ರೊಪೆಲ್ಲರುಗಳನ್ನು ಒಂದೊಂದಾಗಿ ಬಿಚ್ಚಿ ಸಮತೋಲ ನೋಡುವ ಸಾಧನದ ಸಣ್ಣ ಕಡ್ಡಿಯ ಮೇಲಿಟ್ಟೆ. ಎಂಟರಲ್ಲಿ ಎರಡರ ಒಂದು ರೆಕ್ಕೆ ನಿಧಾನವಾಗಿ ಕೆಳಕ್ಕಿಳಿಯಿತು. ಹಗುರವಾದ ರೆಕ್ಕೆಗೆ ಉಗುರಿನಷ್ಟು ಟೇಪನ್ನು ಅಂಟಿಸಿದಾಗ ಎರಡೂ ರೆಕ್ಕೆಗಳು ಸಮವಾಗಿ ನಿಂತವು. ಗಿಂಬಲ್ಲನ್ನು ಚೌಕಟ್ಟಿಗೆ ಜೋಡಿಸಿ ನಡುಕವನ್ನು ಹೀರುವ ರಬ್ಬರ್ ಬುಡ್ಡೆಗಳು ಆ ಕ್ಯಾಮೆರಾದ ತೂಕಕ್ಕೆ ತೀರಾ ಗಟ್ಟಿಯಾಗಿದ್ದವು. ಮೆತ್ತನೆಯವನ್ನು ಹಾಕಿ ಮತ್ತೆ ಹಾರಿಸಿದಾಗ ಅಂಚು ನೆಟ್ಟಗೆ ನಿಂತಿತು. ಅಂದಿನಿಂದ ಡ್ರೋನ್ ನೋಡಲು ಹೋದಾಗಲೆಲ್ಲ ನನ್ನ ಮೊದಲ ಪ್ರಶ್ನೆ, ಈ ರಬ್ಬರುಗಳನ್ನು ತೂಕಕ್ಕೆ ತಕ್ಕಂತೆ ಬದಲಿಸಬಹುದೇ ಎಂಬುದು.

ಷಟರ್ ವೇಗದ ವಿಷಯವನ್ನೂ ಇಲ್ಲೇ ಹೇಳಬೇಕು. ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆಯುವಾಗ 1/50 ಸೆಕೆಂಡಿನ ಷಟರ್ ಇಟ್ಟು, ಬಿಸಿಲಿಗೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಚಲನೆ ಕಣ್ಣಿಗೆ ಹಿತವಾಗಿರುತ್ತದೆ. ಫಿಲ್ಟರಿನ ತೂಕವೂ ಲೆಕ್ಕಕ್ಕೆ ಸೇರಬೇಕು, ಏಕೆಂದರೆ ಲೆನ್ಸಿನ ಮುಂದೆ ಕೂಡಿದ ಕೆಲವೇ ಗ್ರಾಂಗಳು ಗಿಂಬಲ್ಲಿನ ಸಮತೋಲವನ್ನು ಕೆಡಿಸುತ್ತವೆ. ಗಿಂಬಲ್ಲಿನ ವಿದ್ಯುತ್ ಆರಿಸಿ ಕ್ಯಾಮೆರಾವನ್ನು ಬೆರಳಿನಿಂದ ಆಕಾಶಕ್ಕೆ ಮುಖಮಾಡಿಸಿ ಬಿಟ್ಟುಬಿಡಿ. ಅದು ಬಿಟ್ಟಲ್ಲೇ ನಿಂತರೆ ಸಮತೋಲ ಸರಿಯಿದೆ. ಈ ಹೊಂದಾಣಿಕೆಗೆ ಸಾಕಷ್ಟು ಜಾಗ ಕೊಡದ ಗಿಂಬಲ್ ಎಷ್ಟೇ ದುಬಾರಿಯಾದರೂ ನಾನು ಒಪ್ಪಲಿಲ್ಲ.

ಕೊನೆಗೆ ನಾನು ಆರಿಸಿದ್ದು ಆರು ಮೋಟಾರಿನದು. ಹಾರಿಸುವವನು ಒಬ್ಬ, ಕ್ಯಾಮೆರಾ ತಿರುಗಿಸುವವನು ಇನ್ನೊಬ್ಬ ಎಂದು ಎರಡು ರಿಮೋಟುಗಳಿಗೆ ಅದರಲ್ಲಿ ಅವಕಾಶವಿತ್ತು, ಮತ್ತು ಇಳಿಯುವ ಕಾಲುಗಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದುದರಿಂದ ಕ್ಯಾಮೆರಾ ಸುತ್ತಲೂ ತಿರುಗಿದರೂ ಅವು ಚಿತ್ರದಲ್ಲಿ ಬರುತ್ತಿರಲಿಲ್ಲ. ಹಣ ಕೊಡುವ ಮೊದಲು ನನ್ನದೇ ಕ್ಯಾಮೆರಾವನ್ನು ಕಟ್ಟಿ, ಎದೆಯೆತ್ತರದಲ್ಲಿ ನಿಲ್ಲಿಸಿ, ಬ್ಯಾಟರಿ ಶೇಕಡಾ 30ಕ್ಕೆ ಇಳಿಯುವವರೆಗೆ ಗಡಿಯಾರ ಹಿಡಿದು ನಿಂತೆ. ಹನ್ನೆರಡು ನಿಮಿಷ ಸಿಕ್ಕಿತು. ಮಾರಾಟದ ಹಾಳೆಯಲ್ಲಿದ್ದ ಸಮಯ ಇದರ ಮೂರರಷ್ಟಿತ್ತು, ಆದರೆ ಅದು ಏನನ್ನೂ ಹೊರದೆ ಹಾರಿದ ಲೆಕ್ಕ. ಇಂದಿಗೂ ಒಂದು ದೃಶ್ಯಕ್ಕೆ ಎಷ್ಟು ಜೊತೆ ಬ್ಯಾಟರಿ ಒಯ್ಯಬೇಕೆಂಬುದನ್ನು ಆ ಹನ್ನೆರಡು ನಿಮಿಷದಿಂದಲೇ ನಿರ್ಧರಿಸುತ್ತೇನೆ.